ಎರಡು ಅಂಕ

ನದಿಯ ದಂಡೆಯಲ್ಲಿ ವೈದ್ಯವಿದ್ಯೆ ಕಲಿಸುವ ಒಂದು ಆಶ್ರಮವಿತ್ತು. ರೇವಣಾರ್ಯರು ಅಲ್ಲಿನ ಗುರುಗಳು. ವಯಸ್ಸಾದ ಮೇಲೆ ಪಾಠ ಹೇಳುವುದನ್ನು ಅವರು ಹಿರಿಯ ಶಿಷ್ಯ ಸಂಗಯ್ಯನಿಗೆ ಒಪ್ಪಿಸಿದ್ದರು.

ಆ ವರ್ಷ ರಾಜಧಾನಿಯಿಂದ ಹೊಸ ಕಟ್ಟಳೆ ಬಂತು. ನಾಡಿನ ಎಲ್ಲ ಆಶ್ರಮಗಳಿಗೂ ಒಂದೇ ದಿನ ಒಂದೇ ಪರೀಕ್ಷೆ, ನೂರು ಪ್ರಶ್ನೆ. ಅದರ ಅಂಕವನ್ನು ಆಶ್ರಮದವರು ಕೊಡುವ ವರ್ಷದ ಅಂಕಕ್ಕೆ ಸೇರಿಸಬೇಕು. ಮೂರರಲ್ಲಿ ಒಂದು ಪಾಲು ಪರೀಕ್ಷೆಯದು. ಒಟ್ಟು ನೂರಕ್ಕೆ ಅರವತ್ತು ಮುಟ್ಟಿದವರಿಗೆ ಮಾತ್ರ ಮದ್ದು ಕೊಡುವ ಅನುಮತಿ.

ಪರೀಕ್ಷೆ ಆಯಿತು. ಅಂಕ ಬಂತು. ಸಂಗಯ್ಯ ಓಲೆ ಹಿಡಿದುಕೊಂಡು ಗುರುಗಳ ಬಳಿ ಓಡಿ ಬಂದ.

"ಅನ್ಯಾಯ ಗುರುಗಳೇ. ಕೆಂಚವ್ವ ಒಂದು ದಿನವೂ ಪಾಠ ತಪ್ಪಿಸಿದವಳಲ್ಲ. ಅವಳು ನಾಡಿ ಹಿಡಿದರೆ ನಾನೇ ಬೆರಗಾಗುತ್ತೇನೆ. ಪರೀಕ್ಷೆಯಲ್ಲಿ ಅವಳಿಗೆ ಮೂವತ್ತೊಂದು. ಆ ಮೈಲಾರ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಅವನಿಗೆ ತೊಂಬತ್ತೆರಡು!"

"ಕೂಡಿಸಿದರೆ?"

"ಮೈಲಾರ ಸರಿಯಾಗಿ ಅರವತ್ತು. ಕೆಂಚವ್ವ ಐವತ್ತೆಂಟು."

ಗುರುಗಳು ಓಲೆಯ ಮೇಲೆ ಕಣ್ಣಾಡಿಸಿದರು.

"ರಾಜಧಾನಿಯವರು ಅವಳ ಮುಖ ಕೂಡ ನೋಡಿಲ್ಲ," ಸಂಗಯ್ಯ ಎಂದ. "ನಾನು ಕೊಟ್ಟ ಅಂಕವನ್ನು ಸ್ವಲ್ಪ ಏರಿಸುತ್ತೇನೆ. ಒಟ್ಟಿನಲ್ಲಿ ಎರಡೇ ಅಂಕ. ಯಾರಿಗೂ ಗೊತ್ತಾಗುವುದಿಲ್ಲ."

ರೇವಣಾರ್ಯರು ಲೇಖನಿ ಎತ್ತಿ ಅವನ ಕೈಗೆ ಕೊಟ್ಟರು.

"ಏರಿಸು. ಯಾವ ಪಾಠಕ್ಕೆ ಅಂತ ಪಕ್ಕದಲ್ಲಿ ಬರೆ."

ಸಂಗಯ್ಯ ಓಲೆಯನ್ನೇ ನೋಡುತ್ತ ಕುಳಿತ. ಬರೆಯಲಾಗಲಿಲ್ಲ.

"ಮೂವತ್ತೊಂದು ಯಾಕೆ ಬಂತು?" ಗುರುಗಳು ಕೇಳಿದರು.

"ಗೊತ್ತಿಲ್ಲ."

"ತೊಂಬತ್ತೆರಡು?"

"ಅದೂ ಗೊತ್ತಿಲ್ಲ."

"ಗೊತ್ತಿರುವವರು ಇಬ್ಬರಿದ್ದಾರಲ್ಲ."

ಸಂಗಯ್ಯ ಎದ್ದು ಹೋದ. ಕೆಂಚವ್ವ ಅಂಗಳದಲ್ಲಿ ಬೇರು ಒಣಗಿಸುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

"ಎಷ್ಟು ಪ್ರಶ್ನೆ ಬರೆದೆ ತಾಯಿ?"

"ಮೂವತ್ಮೂರು, ಸ್ವಾಮಿ. ಅಷ್ಟರಲ್ಲಿ ಹೊತ್ತು ಮುಗೀತು."

ಮೂವತ್ಮೂರರಲ್ಲಿ ಮೂವತ್ತೊಂದು ಸರಿ! ಸಂಗಯ್ಯ ಅಲ್ಲೇ ಕುಳಿತ.

"ನಮ್ಮದು ಜೇನು ಕೀಳೋ ಮನೆತನ. ಅಕ್ಷರ ಕಂಡಿದ್ದೇ ಇಲ್ಲಿಗೆ ಬಂದ ಮೇಲೆ," ಎಂದಳು ಕೆಂಚವ್ವ. "ಒಂದ್ಸಲ ಕೂಡಿಸಿ ಓದ್ತೀನಿ. ತಪ್ಪಾಯ್ತೇನೋ ಅಂತ ಇನ್ನೊಂದ್ಸಲ ಓದ್ತೀನಿ. ಮದ್ದಿನ ವಿಷಯ ಅಲ್ವಾ, ಅಕ್ಷರ ತಪ್ಪಿದ್ರೆ ಜೀವಾನೇ ಹೋಗ್ತದೆ."

"ವರ್ಷವೆಲ್ಲ ಇದು ನನಗೆ ತಿಳಿಯಲೇ ಇಲ್ಲವಲ್ಲ!"

"ಓದೋರು ನೀವು. ನಾನು ಕೇಳಿಸಿಕೊಂಡು ಹೇಳ್ತಿದ್ದೆ."

ಅಲ್ಲಿಂದ ಅವನು ದೋಣಿ ಹತ್ತಿ ಮೈಲಾರನ ಊರಿಗೆ ಹೋದ. ಮೈಲಾರನ ತಂದೆಯೂ ವೈದ್ಯರೇ. ಈಗ ಕಣ್ಣು ಹೋಗಿತ್ತು. ಜಗಲಿಯ ಮೇಲೆ ಮಗ ಅವರಿಗೆ ಗಂಜಿ ಕುಡಿಸುತ್ತ, ತೊಡೆಯ ಮೇಲಿನ ವೈದ್ಯಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದ. ತಪ್ಪಿದಲ್ಲಿ ತಂದೆ ತಿದ್ದುತ್ತಿದ್ದರು.

ಸಂಗಯ್ಯನ ದನಿ ಕೇಳಿ ಮುದುಕರು ಕೈಮುಗಿದರು. "ಅಯ್ಯನವರೇ, ನನ್ನಿಂದ ಇವನ ಪಾಠ ತಪ್ತಾ ಇದೆ. ಅದೇ ನನಗೆ ಸಂಕಟ."

"ನನಗೆ ಯಾಕೆ ಹೇಳಲಿಲ್ಲ?" ಸಂಗಯ್ಯ ಮೈಲಾರನನ್ನು ಕೇಳಿದ.

ಮೈಲಾರ ತಲೆ ತಗ್ಗಿಸಿದ. "ಬರದ ದಿನಕ್ಕೆಲ್ಲ ಸೊನ್ನೆ ಹಾಕ್ತೀನಿ ಅಂದಿರಿ ಸ್ವಾಮಿ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ."

ಸಂಗಯ್ಯ ಹಿಂತಿರುಗಿದಾಗ ಅವನ ಸಿಟ್ಟೆಲ್ಲ ಇಳಿದಿತ್ತು. ನಡೆದದ್ದನ್ನು ಗುರುಗಳಿಗೆ ಹೇಳಿದ.

"ಒಬ್ಬನ ವಿಷಯದಲ್ಲಿ ಪರೀಕ್ಷೆ ಕಂಡದ್ದನ್ನು ನಾನು ಕಾಣಲಿಲ್ಲ. ಇನ್ನೊಬ್ಬಳ ವಿಷಯದಲ್ಲಿ ನಾನು ಕಂಡದ್ದನ್ನು ಪರೀಕ್ಷೆ ಕಾಣಲಿಲ್ಲ. ಈಗ ಏನು ಮಾಡಲಿ?"

"ಇದ್ದದ್ದನ್ನು ಇದ್ದ ಹಾಗೆ ಕಳಿಸು. ಮೂವತ್ಮೂರರ ಮಾತನ್ನೂ ಬರೆ. ಅವಳಿಗೆ ಇನ್ನಷ್ಟು ಹೊತ್ತು ಕೊಡಲಾದೀತೇ ಎಂದು ಕೇಳು."

ಸಂಗಯ್ಯ ಹಾಗೆಯೇ ಮಾಡಿದ. ತಿಂಗಳಾದ ಮೇಲೆ ಉತ್ತರ ಬಂತು. ಹೆಚ್ಚು ಹೊತ್ತು ಕೊಡಲಾಗದು, ಮುಂದಿನ ವರ್ಷ ಮತ್ತೆ ಬರೆಯಬಹುದು, ಅಷ್ಟೇ.

ಕೆಂಚವ್ವ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಗ್ರಂಥ ಎತ್ತಿಕೊಂಡು ಬಂದು ಸಂಗಯ್ಯನ ಎದುರು ಕುಳಿತಳು.

"ಇವತ್ತಿಂದ ನಾನು ಓದ್ತೀನಿ. ನೀವು ಕೇಳಿ."

ಮೊದಮೊದಲು ಒಂದು ಸಾಲಿಗೇ ಬಹಳ ಹೊತ್ತು ಹಿಡಿಯುತ್ತಿತ್ತು. ಸಂಗಯ್ಯ ಅವಸರಪಡಿಸಲಿಲ್ಲ. ಅವನಿಗೆ ಬಿಡುವಿಲ್ಲದ ದಿನ ಮೈಲಾರ ಬಂದು ಕೂರುತ್ತಿದ್ದ. ಅನುಮತಿ ಸಿಕ್ಕ ಮೇಲೂ ಅವನು ಬರುವುದನ್ನು ಬಿಡಲಿಲ್ಲ. ಅವನ ತಂದೆಯನ್ನು ನೋಡಿಕೊಳ್ಳಲು ಆಶ್ರಮದವರು ಸರದಿಯ ಮೇಲೆ ಹೋಗಿಬರುತ್ತಿದ್ದರು.

ಮರುವರ್ಷ ಕೆಂಚವ್ವ ಎಂಬತ್ತೊಂಬತ್ತು ಪ್ರಶ್ನೆ ಮುಗಿಸಿದಳು. ಎಂಬತ್ತನಾಲ್ಕು ಸರಿಯಿದ್ದವು.

ಅನುಮತಿಯ ಓಲೆ ಸೆರಗಿನಲ್ಲಿ ಕಟ್ಟಿಕೊಂಡು ಅವಳು ಕಾಡಿನಲ್ಲಿದ್ದ ತನ್ನ ಜನರ ಹಾಡಿಗೆ ಹೊರಟಳು. ಗುರುಗಳೂ ಸಂಗಯ್ಯನೂ ನದಿಯವರೆಗೆ ಬಂದು ಬೀಳ್ಕೊಟ್ಟರು. ದೋಣಿ ಆಚೆ ದಡ ಸೇರಿತು.

"ಗುರುಗಳೇ, ವರ್ಷದಿಂದ ಕೇಳಬೇಕೆಂದಿದ್ದೇನೆ," ಸಂಗಯ್ಯ ಎಂದ. "ಆ ಪರೀಕ್ಷೆ ಒಳ್ಳೆಯದೋ ಕೆಟ್ಟದ್ದೋ, ನೀವು ಹೇಳಲೇ ಇಲ್ಲ."

ರೇವಣಾರ್ಯರು ಅವನ ಭುಜದ ಮೇಲೆ ಕೈಯಿಟ್ಟರು.

"ಅದು ಒಂದು ದಿನ ಬಂದು ಹೋಗುವಂಥದ್ದು, ಸಂಗಯ್ಯ. ವರ್ಷವೆಲ್ಲ ಇಲ್ಲಿರುವವನು ನೀನು."