ಮಾವನ ಕಲ್ಲು

ಮರಿಯನಕೊಪ್ಪಲಿನ ಚರ್ಚಿನ ಹಿಂದೆ, ಹೊಳೆಗೆ ಇಳಿಯುವ ದಾರಿಯ ಪಕ್ಕದಲ್ಲಿ ಒಂದು ದಿಣ್ಣೆಯಿದೆ. ಅದರ ಮೇಲೆ ಹುಣಸೆಮರದ ನೆರಳಿನಲ್ಲಿ ಹನ್ನೆರಡು ಕಲ್ಲುಗಳನ್ನು ಅರ್ಧಚಂದ್ರಾಕಾರವಾಗಿ ಹೂಳಿದ್ದಾರೆ. ಕೂರಲು ಅನುಕೂಲವಾದ, ಮೊಣಕಾಲೆತ್ತರದ ಸಾಮಾನ್ಯ ಕಲ್ಲುಗಳು. ಕೊನೆಯದನ್ನು ಮಾತ್ರ ಊರವರು ‘ಮಾವನ ಕಲ್ಲು’ ಎನ್ನುತ್ತಾರೆ. ಯಾರ ಮಾವ ಎಂದು ಕೇಳಿ ನಗುವ ಪರಸ್ಥಳದವರು ಉಂಟು. ನಗಲಿ, ತಪ್ಪಿಲ್ಲ. ಕಥೆ ಕೇಳಿದ ಮೇಲೂ ನಕ್ಕವರನ್ನು ನಾನು ಕಂಡಿಲ್ಲ.

ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದುದರ ನೆನಪಿಗೆ, ಊರಿನ ಹನ್ನೆರಡು ಮಂದಿ ಈ ಕಲ್ಲುಗಳ ಮೇಲೆ ಕೂರುತ್ತಾರೆ. ಚರ್ಚಿನ ಗುರುಗಳು ಮಂಡಿಯೂರಿ ಅವರ ಪಾದ ತೊಳೆಯುತ್ತಾರೆ. ಮೊದಲೆಲ್ಲ ಕೂರುತ್ತಿದ್ದವರು ಹನ್ನೊಂದೇ ಮಂದಿ. ಹನ್ನೆರಡನೆಯದು ಯೇಸುವನ್ನು ಹಿಡಿದುಕೊಟ್ಟ ಯೂದನ ಕಲ್ಲು, ಅದರ ಮೇಲೆ ಕೂತವನ ಮನೆಗೆ ಕೇಡು ಎಂದು ನಮ್ಮ ಹಿರಿಯರು ಅದನ್ನು ಖಾಲಿ ಬಿಟ್ಟಿದ್ದರಂತೆ. ಯೇಸು ಆ ದಿನ ಯೂದನ ಕಾಲನ್ನೂ ತೊಳೆದಿದ್ದನೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಬೇಡದ ಕಡೆ ಕಣ್ಣು ಮುಚ್ಚಿಕೊಳ್ಳುವುದರಲ್ಲಿ ನಮ್ಮೂರವರು ಮೊದಲಿನಿಂದಲೂ ಜಾಣರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಕುದುರೆ ಏರಿ ಬಂದು ಸೂರೆ ಮಾಡುವ ದಂಡುಗಳ ಹಾವಳಿಯಿತ್ತು. ದಂಡಿನ ಸುದ್ದಿ ಬಂದೊಡನೆ ಊರವರು ಕಾಳುಕಡ್ಡಿ, ಮಕ್ಕಳುಮರಿಗಳೊಂದಿಗೆ ಹೊಳೆಯಾಚೆಯ ಗವಿಯನ್ನು ಸೇರುತ್ತಿದ್ದರು. ಗವಿಯ ದಾರಿ ಹೊರಗಿನವರಿಗೆ ಗೊತ್ತಿರಲಿಲ್ಲ. ಒಂದು ಸಲ ಅದನ್ನು ದಂಡಿಗೆ ತೋರಿಸಿಕೊಟ್ಟವನು ಊರಿನವನೇ ಆದ ಸಂದ್ಯಾಗಪ್ಪ. ಕೊಳ್ಳೆಯಲ್ಲಿ ಪಾಲೂ ಏರಲು ಕುದುರೆಯೂ ಸಿಗುತ್ತವೆಂಬ ಆಸೆ ಅವನಿಗೆ. ಅಂದು ಗವಿಯ ಬಾಯಲ್ಲಿ ಕತ್ತಿಗೆ ಸಿಕ್ಕಿ ಸತ್ತವರಲ್ಲಿ ವಿಧವೆ ಅರುಳಮ್ಮನ ಒಬ್ಬನೇ ಮಗ, ಐದಾರು ವರ್ಷದ ಚಿನ್ನಪ್ಪನೂ ಇದ್ದ. ತಾಯಿಯ ಕೈಯಿಂದ ಕೊಸರಿಕೊಂಡು ಅವನು ಹೊರಗೆ ಓಡಿದ್ದ. ಏಕೆ ಓಡಿದನೆಂದು ಅವಳಿಗೆ ಅರ್ಥವಾಗಲೇ ಇಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿಯಬಾರದಿತ್ತೇ ಎಂದು ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಿದ್ದಳು ಎನ್ನುತ್ತಾರೆ. ಅವಳೆದುರು ಹುಡುಗನ ಹೆಸರೆತ್ತಬಾರದೆಂದು ಊರು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿತು. ಪಾದ ತೊಳೆಯುವ ನೀರನ್ನು ಹೊಳೆಯಿಂದ ತಂದು ಹೊಯ್ಯುವ ಸೇವೆಯನ್ನು ಅವಳಿಗೆ ವಹಿಸಿ, ಅದೇ ದೊಡ್ಡ ಸಮಾಧಾನವೆಂಬಂತೆ ಸುಮ್ಮನಾಯಿತು.

ವರ್ಷಗಳು ಕಳೆದ ಮೇಲೆ, ದಂಡಿನೊಡನೆ ಹೊರಟುಹೋಗಿದ್ದ ಸಂದ್ಯಾಗಪ್ಪ ಸೊರಗಿ ಸುಣ್ಣವಾಗಿ ಹಿಂದಿರುಗಿದ. ಆಗಿನ ಗುರುಗಳು ಅವನ ಪಾಪನಿವೇದನೆ ಕೇಳಿ ದೇವರ ಹೆಸರಿನಲ್ಲಿ ಕ್ಷಮೆ ಕೊಟ್ಟರು. ಊರು ಕೊಡಲಿಲ್ಲ. ಅವನು ಚರ್ಚಿನೊಳಗೆ ಕಾಲಿಟ್ಟರೆ ತಾವೆಲ್ಲ ಹೊರಗೆ ಹೋಗುವುದಾಗಿ ಹಿರಿಯರು ಹೇಳಿದರು. ಹೊಸ್ತಿಲಾಚೆ ಬಿಸಿಲಿನಲ್ಲಿ ನಿಂತು ಪೂಜೆ ಕೇಳುತ್ತಿದ್ದ ಅವನು ಆ ವರ್ಷದ ಪವಿತ್ರ ಗುರುವಾರ ದಿಣ್ಣೆ ಹತ್ತಿ ಬಂದು ಯೂದನ ಕಲ್ಲಿನ ಮೇಲೆ ಕುಳಿತುಬಿಟ್ಟ. ಗದ್ದಲವೆದ್ದಿತು. ಏಳೆಂದು ಗದರಿದವರಿಗೆ, “ಇದ್ರ ಮ್ಯಾಲೆ ಕೂರೋಕೆ ನನಗಿಂತ ಲಾಯಕ್ಕಾದೋರು ಯಾರವ್ರೆ? ಬರ್ಲಿ, ಏಳ್ತೀನಿ” ಎಂದನಂತೆ. ಯಾರೂ ಮುಂದೆ ಬರಲಿಲ್ಲ.

ಗುರುಗಳು ಉಳಿದವರ ಪಾದ ತೊಳೆದು, ಕೊನೆಗೆ ಅವನ ಮುಂದೆ ಮಂಡಿಯೂರಿ ಕಾಲನ್ನು ಕೈಗೆತ್ತಿಕೊಂಡರು. ನೀರು ಬೀಳಲಿಲ್ಲ. ಅರುಳಮ್ಮ ಕೊಡ ಹಿಡಿದು ನಿಂತೇ ಇದ್ದಳು. “ದೇವ್ರು ಕ್ಷಮಿಸ್ಬೋದು ಸ್ವಾಮಿ. ಅವನ ಮಗ ಸತ್ತು ಮೂರನೇ ದಿನಕ್ಕೆ ಎದ್ದು ಬಂದ. ನನ್ನ ಮಗ ಬಂದ್ನಾ?” ಎಂದಳು. “ಇಲ್ಲ ತಾಯಿ. ಹೊಯ್ಯಿ ಅಂತ ನಾನು ಹೇಳೋದಿಲ್ಲ. ಕಾಯ್ತೀನಿ” ಎಂದು ಗುರುಗಳು ತಲೆ ತಗ್ಗಿಸಿದರು. ಆಗ ಸಂದ್ಯಾಗಪ್ಪ ಬಾಯಿ ಬಿಟ್ಟ. “ಅಕ್ಕಾ, ಸ್ವಾಮಿಯೋರ್ಗೆ ಹೇಳ್ದೆ, ನಿಂಗೆ ಹೇಳ್ಲಿಲ್ಲ. ಗವಿ ಬಾಯಲ್ಲಿ ಚಿನ್ನಪ್ಪ ನನ್ನ ಗುರ್ತು ಹಿಡ್ದ. ‘ಮಾವ ಬಂದ’ ಅಂತ ನಗ್ತಾ ಓಡಿ ಬಂದ. ಅವ್ನು ಬಂದಿದ್ದು ನನ್ನ ನಂಬಿ. ನಿನ್ನ ಕೈಯ್ದು ಏನೂ ತಪ್ಪಿಲ್ಲ ಅಕ್ಕಾ.”

ಅವಳು ಕೂಗಿದ ಕೂಗು ಹೊಳೆಯಾಚೆಯ ದನಗಾಹಿಗಳಿಗೂ ಕೇಳಿಸಿತಂತೆ. ಕೊಡವನ್ನು ಅವನ ತಲೆಯ ಮೇಲೇ ಎತ್ತಿ ಹಾಕುತ್ತಾಳೆಂದು ಎಲ್ಲರೂ ಹೆದರಿದರು. ಹೊತ್ತು ಮುಳುಗುತ್ತ ಬಂತು. ಗುರುಗಳು ಹಿಡಿದ ಕಾಲು ಬಿಡಲಿಲ್ಲ. ಕೊನೆಗೆ ಅರುಳಮ್ಮ ಕೊಡ ಬಗ್ಗಿಸಿದಳು, ಬರಿದಾಗುವವರೆಗೂ ಹೊಯ್ದಳು. ಕ್ಷಮಿಸಿದೆ ಎನ್ನಲಿಲ್ಲ. ಅವನ ಮುಖ ನೋಡಲಿಲ್ಲ, ಮತ್ತೆಂದೂ ಅವನೊಡನೆ ಮಾತಾಡಲಿಲ್ಲ. ಯೇಸು ಎದ್ದು ಬಂದ ನೆನಪಿನ ಪಾಸ್ಖ ಹಬ್ಬದ ದಿನ ಸಂದ್ಯಾಗಪ್ಪ ಚರ್ಚಿನ ಒಳಗೆ, ಬಾಗಿಲ ಪಕ್ಕದಲ್ಲಿ ಕೂತ. ಆಗಲೂ ಎದ್ದು ಹೋದವರು ಉಂಟು. ಅವರ ಮನೆತನದ ಹೆಸರು ನಾನು ಹೇಳುವುದಿಲ್ಲ. ಆ ಮಳೆಗಾಲದಲ್ಲೇ ಅವನು ತೀರಿಕೊಂಡ. ಮರುವರ್ಷ ಯೂದನ ಕಲ್ಲನ್ನು ಕಿತ್ತು ಹೊಳೆಗೆ ಹಾಕೋಣವೆಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದಾಗ ಅರುಳಮ್ಮ ಕೊಡ ಕೆಳಗಿಟ್ಟು, “ಅದು ಯೂದನ ಕಲ್ಲಲ್ಲ. ನನ್ನ ಮಗ ಅವ್ನನ್ನ ಏನಂತ ಕರ್ದನೋ ಅದೇ ಅದ್ರ ಹೆಸ್ರು” ಎಂದಳು. ಅಂದಿನಿಂದ ಅದು ಮಾವನ ಕಲ್ಲು.

ಈಗ ಆ ಕಲ್ಲು ಖಾಲಿ ಇರುವುದಿಲ್ಲ. ಜೈಲಿನಿಂದ ಬಂದವನೋ, ಒಡಹುಟ್ಟಿದವನ ಪಾಲು ನುಂಗಿದವನೋ ತಾನಾಗಿಯೇ ಬಂದು ಅದರ ಮೇಲೆ ಕೂರುತ್ತಾನೆ. ಹನ್ನೊಂದು ಮಂದಿಯ ಪಾದ ತೊಳೆದಾದ ಮೇಲೆ ನೀರಿನ ಕೊಡ ಅವನಿಂದ ನೊಂದವರ ಕೈಗೆ ಹೋಗುತ್ತದೆ. ಗುರುಗಳು ಮಂಡಿಯೂರಿ ಕಾಯುತ್ತಾರೆ, ಯಾರೂ ಅವಸರಪಡಿಸುವುದಿಲ್ಲ. ಕೆಲವು ವರ್ಷ ನೀರು ಬೀಳುತ್ತದೆ. ಕೆಲವು ವರ್ಷ ಕತ್ತಲಾಗುವವರೆಗೂ ಬೀಳುವುದಿಲ್ಲ. ಅಂಥ ವರ್ಷ, ಮಾರನೆಯ ಬೆಳಿಗ್ಗೆ ಶುಭ ಶುಕ್ರವಾರದ ಪ್ರಾರ್ಥನೆಗೆಂದು ಬಂದವರು ಮಾವನ ಕಲ್ಲಿನ ಪಕ್ಕದಲ್ಲಿ ತುಂಬಿದ ಕೊಡವೊಂದನ್ನು ಕಾಣಬಹುದು. ಅದನ್ನು ಯಾರೂ ಚೆಲ್ಲುವುದಿಲ್ಲ.