ಮೇಸ್ತ್ರಿ ಕೆಡವಿದ ಛಾವಣಿ

"ಗುರುಗಳೇ, ನಾನು ಮಾಡಿದ ಕೆಲಸಕ್ಕೆ ನಾನೇ ಹೆಮ್ಮೆಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ. ಮಠದ ಬಾವಿಗೆ ಅವನು ಕಟ್ಟಿದ ಕಟ್ಟೆಯನ್ನು ಜನ ಹೊಗಳಿ ಹೋಗಿದ್ದರು.

ಗುರು ಒಂದು ಕತೆ ಹೇಳಿದರು.

ಒಂದು ಚಿನ್ನದ ಗಣಿ ಇತ್ತು. ಮೇಲಿನ ಬಂಡೆ ಕುಸಿಯದಿರಲೆಂದು ಹಿಂದಿನವರು ಅಲ್ಲಲ್ಲಿ ಅದಿರನ್ನೇ ಕಂಬವಾಗಿ ಬಿಟ್ಟಿದ್ದರು. ಆ ಕಂಬಗಳಲ್ಲೂ ಚಿನ್ನವಿತ್ತು. ಅದು ಬೇಕಾದರೆ ಕಂಬಗಳ ನಡುವೆ ಖಾಲಿಯಾದ ಜಾಗವನ್ನೆಲ್ಲ ಮೊದಲು ಮರಳು, ಸಿಮೆಂಟು ಕಲಸಿ ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದನ್ನೇ ಛಾವಣಿಯೆಂದು ನಂಬಿ, ಅದರ ಅಡಿಯಲ್ಲಿ ದಾರಿ ಕೊರೆದು, ಅಲ್ಲಿ ನಿಂತು ಕಂಬ ಕಡಿಯಬೇಕು. ತುಂಬುವ ಕೆಲಸ ಒಬ್ಬ ಮೇಸ್ತ್ರಿಯದು.

ಅವನಿಗೆ ತನ್ನ ಕೈಯ ಬಗ್ಗೆ ಬಹಳ ಹೆಮ್ಮೆ. ತಾನು ತುಂಬಿದ್ದು ದೇವರು ಇಟ್ಟ ಕಲ್ಲಿಗಿಂತ ಗಟ್ಟಿ ಎನ್ನುತ್ತಿದ್ದ. ಜನ ನಗುತ್ತಿದ್ದರು, ಆದರೂ ನಂಬುತ್ತಿದ್ದರು.

ಕಂಬ ಕಡಿಯುವ ದಿನ ಆಳುಗಳಿಗಿಂತ ಮೊದಲು ಮೇಸ್ತ್ರಿ ಒಬ್ಬನೇ ಒಳಗೆ ಹೋದ. ಕಬ್ಬಿಣದ ಹಾರೆಯಿಂದ ಛಾವಣಿಯನ್ನು ತಟ್ಟುತ್ತ ನಡೆದ. ಗಟ್ಟಿ ಸದ್ದು ಬಂದಲ್ಲೆಲ್ಲ ಅವನ ಎದೆ ಉಬ್ಬಿತು. ಕೊನೆಯ ಮೂಲೆಯಲ್ಲಿ ಸದ್ದು ಬದಲಾಯಿತು. ಮತ್ತೆ ತಟ್ಟಿದ. ಟೊಳ್ಳು. ಒಂದು ಹಿಡಿ ಮರಳು ಭುಜದ ಮೇಲೆ ಉದುರಿತು. ನೋಡುವವರು ಯಾರೂ ಇರಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತ. ಆಮೇಲೆ ಹೊರಗೆ ಬಂದು, ತನ್ನ ಕೆಲಸ ಕೆಟ್ಟಿದೆ, ಯಾರೂ ಒಳಗೆ ಹೋಗಬಾರದು ಎಂದು ಎಲ್ಲರ ಎದುರಿಗೆ ಹೇಳಿದ.

ಗಣಿಯ ಧಣಿ ಅವನನ್ನು ಪಕ್ಕಕ್ಕೆ ಕರೆದ. "ಒಂದು ಮೂಲೆಗಾಗಿ ಇಷ್ಟು ಕಾಲ ಗಳಿಸಿದ ಹೆಸರನ್ನು ಕಳೆದುಕೊಳ್ಳುತ್ತೀಯಾ? ನಾಲ್ಕು ಮರದ ದಿಮ್ಮಿ ಆನಿಸಿ ಕೆಲಸ ಸಾಗಿಸು."

"ಹೆಸರು ನನ್ನದು, ಧಣಿ. ಅದರ ಕೆಳಗೆ ನಿಲ್ಲುವ ತಲೆಗಳು ನನ್ನವಲ್ಲ."

ಆ ಭಾಗವನ್ನು ಕೆಡವಿದ. ಹೊಸದಾಗಿ ತುಂಬಿದ. ಗಟ್ಟಿಯಾಗುವಷ್ಟು ಕಾಲ ಕಾದ. ಈ ಸಲ ಜನ ನಂಬದೆ ನಕ್ಕರು. ಕೊನೆಗೆ ಮತ್ತೆ ತಟ್ಟಿ ನೋಡಿ, ಅದೇ ಮೂಲೆಯ ಅಡಿಯಲ್ಲಿ ಬುತ್ತಿ ಬಿಚ್ಚಿ ಊಟಕ್ಕೆ ಕೂತ. ಅವನು ಉಣ್ಣುವುದನ್ನು ಕಂಡು ಆಳುಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಕಂಬಗಳೆಲ್ಲ ಹೊರಬಂದವು. ಒಬ್ಬನ ಮೈಗೂ ಗೀರು ಬೀಳಲಿಲ್ಲ.

ಮುದುಕನಾದ ಮೇಲೂ ಮೇಸ್ತ್ರಿ ಜಂಬ ಬಿಡಲಿಲ್ಲ. ಸಿಕ್ಕಿದವರಿಗೆಲ್ಲ ಎದೆಯುಬ್ಬಿಸಿ ಆ ಗಣಿಯ ಮಾತು ಹೇಳುತ್ತಿದ್ದ.

"ತನ್ನ ಛಾವಣಿ ನಿಂತದ್ದನ್ನು ಹೇಳಿಕೊಳ್ಳುತ್ತಿದ್ದನೇ?" ಎಂದು ಶಿಷ್ಯ ಕೇಳಿದ.

"ಇಲ್ಲ, ಕೆಡವಿದ್ದನ್ನು" ಎಂದರು ಗುರು.

ಶಿಷ್ಯ ಎದ್ದು, ಬಾವಿಯ ಕಟ್ಟೆಯನ್ನು ತಟ್ಟಿ ನೋಡಲು ಹೋದ.