ಮೂರು ಗೀಟಿನ ಅರ್ಥ

ದಾವಣಗೆರೆಯಲ್ಲೊಂದು ಪುಟ್ಟ ಕಂಪನಿ. ಲಾರಿಯವರು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಎಷ್ಟು ರಿಂಗೆಂದು ಎಣಿಸಿ ಮನೆಗೆ ಸುದ್ದಿ ಮುಟ್ಟಿಸುವ ಸಾಫ್ಟ್‌ವೇರ್ ಅವರದು. ಒಂದು ದಿನ ವಕೀಲ ಚಕ್ರಪಾಣಿ ನೋಟಿಸು ಹಿಡಿದು ಬಂದ. ಫೋನನ್ನು ತಾನೇ ಹೆತ್ತವನ ಹಾಗೆ ಮೀಸೆ ತಿರುವಿದ.

"ರಿಂಗ್ ಎಣಿಸಿ ಸುದ್ದಿ ತಿಳಿಯೋ ಪೇಟೆಂಟು ನಮ್ಮ ಕಕ್ಷಿದಾರರದು. ಎರಡು ಸಾವಿರದ ಒಂಬತ್ತರದು. ಕಂಪನಿ ಮುಚ್ಚಿ!"

ಹನ್ನೊಂದು ಜನರ ಅನ್ನಕ್ಕೆ ಕಲ್ಲು ಬಿತ್ತು. ಗುಮಾಸ್ತೆ ರುದ್ರಾಣಮ್ಮ ಮೆಲ್ಲಗೆ ಕೇಳಿದಳು, "ಅದಕ್ಕೂ ಮೊದಲು ಯಾರೂ ಮಾಡಿರಲಿಲ್ವಾ ಸಾರ್?"

"ಒಬ್ಬರೂ ಇಲ್ಲ! ಮೊದಲೇ ಯಾರಾದ್ರೂ ಮಾಡಿದ್ರೆ ಪೇಟೆಂಟೇ ನಿಲ್ಲಲ್ಲ. ಇದ್ದರೆ ತೋರಿಸಮ್ಮ, ನೋಟಿಸು ಇಲ್ಲೇ ಹರೀತೀನಿ."

ರುದ್ರಾಣಮ್ಮ ಮನೆಗೆ ಓಡಿ ತೊಂಬತ್ತೆಂಟರ ಗೋಡೆ ಕ್ಯಾಲೆಂಡರ್ ತಂದು ಹಾಸಿದಳು. ತಾರೀಖು ತಾರೀಖಿಗೂ ಗೀಟುಗಳು. ಲಾರಿ ಓಡಿಸುತ್ತಿದ್ದ, ಈಗಿಲ್ಲದ ಗಂಡ ದಾರಿಯಿಂದ ಕೊಡುತ್ತಿದ್ದ ರಿಂಗುಗಳು ಅವು. ಕೆಳಗೆ ಅವಳದೇ ಅಕ್ಷರ: 'ಒಂದು ಗೀಟು, ಊರು ಮುಟ್ಟಿದೆ. ಎರಡು ಗೀಟು, ಊಟಕ್ಕೆ ಕಾಯಬೇಡ.'

ಚಕ್ರಪಾಣಿಯ ಮೀಸೆ ನೆನೆದ ಬತ್ತಿಯಂತೆ ಜೋತುಬಿತ್ತು. ಎಲ್ಲರೂ ನೋಡುತ್ತಿದ್ದರು. ನೋಟಿಸು ಹರಿದ. ಆದರೂ ಚಪಲ ಬಿಡಲಿಲ್ಲ.

"ಮೂರು ಗೀಟೇ ಜಾಸ್ತಿ ಇವೆಯಲ್ಲ! ಅದಕ್ಕೆ ಅರ್ಥ ಬರೆದೇ ಇಲ್ಲ?"

ರುದ್ರಾಣಮ್ಮ ಕ್ಯಾಲೆಂಡರ್ ಸುತ್ತಿ ಎದೆಗವಚಿಕೊಂಡಳು. "ಅದು ನಿಮ್ಮ ಪೇಟೆಂಟಿನಲ್ಲಿಲ್ಲ ಬಿಡಿ ಸಾರ್."

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ಎಷ್ಟು ಸಲ ಅಂತ ಎಣಿಸುತ್ತ ನಿಂತಳು.